ಅವ್ವನ ಬೆಸುಗೆ

ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸೋಲ್ಡರಿಂಗ್ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ಮರ್ಫಿ ಟೌನಿನ ನಮ್ಮ ಬಾಡಿಗೆ ಕೋಣೆ, ಒಂದು ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಶಿವಾಜಿನಗರದ ಗುಜರಿಯಿಂದ ತಂದ ಡಿವಿಡಿ ರೈಟರಿನಿಂದ ಕೆಂಪು ಬೆಳಕು ಚೆಲ್ಲುವ ಡಯೋಡ್ ಬಿಚ್ಚಿ ನಾನೊಂದು ಲೇಸರ್ ಮಾಡಿದ್ದೆ. ಅದಕ್ಕೆ ಕರೆಂಟನ್ನು ಹದವಾಗಿ ಕೊಡುವ ಡ್ರೈವರ್ ಸರ್ಕ್ಯೂಟ್ ಕೆಟ್ಟು ಬೆಳಕು ಮಿಣುಕುತ್ತಿತ್ತು. ಅವ್ವ ಫ್ಯಾಕ್ಟರಿಯಲ್ಲಿ ದಿನವಿಡೀ ಬೋರ್ಡುಗಳಿಗೆ ಬೆಸುಗೆ ಹಾಕುವವಳು. ರಜೆಯ ದಿನವೂ ಕೂತು, ನನ್ನ ನಕ್ಷೆ ನೋಡಿ ಹೊಸ ಸರ್ಕ್ಯೂಟ್ ಮಾಡಿಕೊಟ್ಟಳು. ಎಳ್ಳಿನಷ್ಟು ಸಣ್ಣ ಬೆಸುಗೆಗಳು, ಎಲ್ಲವೂ ಒಂದೇ ಅಳತೆ.

ಡಯೋಡ್ ಜೋಡಿಸದೆಯೇ ಬ್ಯಾಟರಿ ಹಾಕಿ ಸರ್ಕ್ಯೂಟ್ ಪರೀಕ್ಷಿಸಿ, ಬ್ಯಾಟರಿ ತೆಗೆದಿಟ್ಟಳು.

"ಕೆಪಾಸಿಟರ್‌ನಾಗ ಇನ್ನೂ ಕರೆಂಟ್ ಇರ್ತದ. ಅದರ ಎರಡೂ ಕಾಲಿಗೆ ಸ್ಕ್ರೂಡ್ರೈವರ್ ಮುಟ್ಟಿಸಿ ಖಾಲಿ ಮಾಡು, ಆಮ್ಯಾಲೆ ಡಯೋಡ್ ಜೋಡ್ಸು. ಇಲ್ಲಾಂದ್ರ ಸುಟ್ಟು ಹೋಗ್ತದ," ಎಂದು ರೊಟ್ಟಿ ಬಡಿಯಲು ಎದ್ದಳು.

ನಾನು ಖಾಲಿ ಮಾಡದೆ ನೇರವಾಗಿ ಡಯೋಡ್ ಜೋಡಿಸಿದೆ. ಗೋಡೆಯ ಮೇಲೆ ಕೆಂಪು ಚುಕ್ಕೆ ಫಳ್ ಎಂದು ಹೊಳೆದು ಆರಿತು. ಆಮೇಲೆ ಬ್ಯಾಟರಿ ಹಾಕಿದರೂ ಬರೀ ಮಸುಕು ಬೆಳಕು.

"ಖಾಲಿ ಮಾಡಿದ್ದಿಲ್ಲೇನು?"

"ಮಾಡಿದ್ದೆ ಅವ್ವ."

ಅವಳು ನಂಬಿದಳು. ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದೊಂದೇ ಬೆಸುಗೆ ಕರಗಿಸಿ ಹೊಸದಾಗಿ ಹಾಕಿದಳು. ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಬೆಳಕು ಮಸುಕಾಗಿಯೇ ಉಳಿಯಿತು.

"ನನ್ನ ಕಣ್ಣೇ ಮಬ್ಬಾಗ್ಯಾವ ಕಾಣ್ತದ," ಎಂದಳು.

ನಾನು ಸೀದ ರೊಟ್ಟಿಯ ಕರಿ ಕೆರೆಯುತ್ತಾ ಕೂತಿದ್ದೆ.

ಮುಂದಿನ ವಾರ ಅವ್ವ ತಾನೇ ಸೂಪರ್‌ವೈಸರನ್ನು ಕೇಳಿಕೊಂಡು, ಬೆಸುಗೆ ಹಾಕುವವರ ಸಾಲು ಬಿಟ್ಟು ಪ್ಯಾಕಿಂಗ್ ಟೇಬಲ್ಲಿಗೆ ಹೋದಳು.