ಮಾಜಿ ಗಂಡ ಬಿಗಿದ ಬೋಲ್ಟು

ಮೋಟಾರ್‌ಸೈಕಲ್ಲಿನ ತೂತುಬಿದ್ದ ಸೈಲೆನ್ಸರ್ ಪೈಪನ್ನು ಎಂಜಿನ್ನಿಗೆ ಕಚ್ಚಿಸಿದ್ದ ಬೋಲ್ಟಿನ ತಲೆ ಟಕ್ಕೆಂದು ಮುರಿದು ಗ್ಯಾರೇಜಿನ ಮೂಲೆಗೆ ಉರುಳಿಹೋಯಿತು. ಡಾಕ್ಟರ್ ವರ್ಲಿನ್ ಹೌಗೆನ್, ಸ್ಪ್ಯಾನರಿಗೆ ತಾವೇ ಸಿಕ್ಕಿಸಿದ್ದ ಮೂರಡಿ ಕೊಳವೆಯನ್ನು ಹಿಡಿದುಕೊಂಡೇ, ತಪ್ಪೆಲ್ಲ ಬೋಲ್ಟಿನದೆಂಬಂತೆ ದುರುಗುಟ್ಟಿದರು. ಮೂವತ್ತು ವರ್ಷ ಅಮೆರಿಕದ ಮಿನ್ನೆಸೋಟದ ಜನರ ಹಲ್ಲು ಕಿತ್ತ ಕೈ ಅದು. ಆದರೆ ಜನರು ಬಾಯಿ ತೆರೆಯುತ್ತಿದ್ದರು.

"ಯಾವ ಕತ್ತೆ ಬಿಗಿದಿದ್ದು ಇದನ್ನ?" ಎಂದರು.

ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ. ನಾಲ್ಕು ತಿಂಗಳ ಹಿಂದೆ ಮಾರ್ಲಿಸ್‌ಳನ್ನು ಮದುವೆಯಾಗಿ ಅವಳ ಮನೆಗೆ ಬಂದು ಸೇರಿದ ದಿನವೇ ಈ ಹಳೆಯ ಮೋಟಾರ್‌ಸೈಕಲ್ ಕಂಡಿತ್ತು. ಅವಳ ಮೊದಲ ಗಂಡ ಆರ್ಡೆನ್ ಬಿಟ್ಟುಹೋದದ್ದು ಎಂದು ಡಾಕ್ಟರು ಅಲ್ಲೇ ತೀರ್ಮಾನಿಸಿದ್ದರು. ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಗಂಡಸು ಹೋದ, ಗಾಡಿ ಉಳಿಯಿತು. ಭಾನುವಾರ ಅದೇ ಗಾಡಿಯಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸರೋವರದವರೆಗೆ ಹೋಗುವುದಾಗಿ ಚರ್ಚಿನ ಕಾಫಿ ಹೊತ್ತಿನಲ್ಲಿ ಊರಿಗೆಲ್ಲ ಸಾರಿಯೂ ಬಿಟ್ಟಿದ್ದರು. ಗಾಡಿ ಹೊರಡದಿದ್ದರೆ, ಗ್ಯಾರೇಜು ಇನ್ನೂ ಆರ್ಡೆನ್ನನದೇ ಎಂದು ಊರು ನಗುತ್ತದೆ. ಊರು ಹಾಳಾಗಲಿ, ಡಾಕ್ಟರಿಗೇ ಹಾಗನ್ನಿಸುತ್ತಿತ್ತು. ಸಂಕಟ ಅದು. ಇವತ್ತು ಶನಿವಾರ.

ಬೋಲ್ಟಿಗೆ ಎಣ್ಣೆ ಬಿಟ್ಟು ಒಂದು ದಿನ ಸುಮ್ಮನಿರು ಎಂದು ಮಾರ್ಲಿಸ್ ಹೇಳಿದ್ದಳು. ಡಾಕ್ಟರು ಎಣ್ಣೆ ಬಿಟ್ಟು ಹತ್ತು ಎಣಿಸಿ ಎಳೆದಿದ್ದರು. ಈಗ ಹೊರಗುಳಿದ ಮೋಟಿಗೆ ಇಕ್ಕಳ ಹಾಕಿ, ಜಾರಿಸಿ ಜಾರಿಸಿ, ಅದನ್ನು ಚೆನ್ನಾಗಿ ಚೀಪಿದ ಪೆಪ್ಪರಮಿಂಟಿನಷ್ಟು ನುಣ್ಣಗೆ ಮಾಡಿದರು. ಪ್ರತಿ ಸಲ ಜಾರಿದಾಗಲೂ ಆರ್ಡೆನ್ನನ ವಂಶವನ್ನು ಒಂದು ತಲೆಮಾರು ಹಿಂದಕ್ಕೆ ಹೋಗಿ ಬೈದರು. ಆ ಸೀಮೆಯಲ್ಲಿ ಗಂಡನ ತಪ್ಪನ್ನು ಎದುರಿಗೆ ಹೇಳುವುದು ಒರಟುತನ, ಇನ್ನೊಂದು ಲೋಟ ಕಾಫಿ ಬಗ್ಗಿಸುವುದು ಮರ್ಯಾದೆ. ಮಾರ್ಲಿಸ್ ಬಗ್ಗಿಸುತ್ತಲೇ ಇದ್ದಳು. ಐದನೆಯ ಲೋಟಕ್ಕೆ ಡಾಕ್ಟರು ರೇಗಿ ಆರ್ಡೆನ್ನನಿಗೇ ಫೋನ್ ಮಾಡಿದರು. ಬಿಗಿದವನೇ ಬಂದು ಬಿಚ್ಚಲಿ.

ಆರ್ಡೆನ್ ಕಾಲುಗಂಟೆಯಲ್ಲಿ ಬಂದ. ಬಂದವನು ಮೊದಲು, ಕಾಫಿಯ ಜೊತೆ ಮಾರ್ಲಿಸ್ ತಂದಿಟ್ಟಿದ್ದ ತಟ್ಟೆಯಿಂದ ರೂಬಾರ್ಬ್ ಎಂಬ ಹುಳಿದಂಟಿನ ಸಿಹಿಯ ತುಂಡೊಂದನ್ನು ಎತ್ತಿಕೊಂಡ. ಗ್ರೀಸಿಲ್ಲದೆ ಬೋಲ್ಟು ಬಿಗಿಯುವವರ ಬಗ್ಗೆ ಡಾಕ್ಟರು ಮಾಡಿದ ಉಪನ್ಯಾಸವನ್ನು ಪೂರ್ತಿ ಕೇಳಿಸಿಕೊಂಡು ಮಾರ್ಲಿಸ್ ಕಡೆ ತಿರುಗಿದ.

"ಇನ್ನೂ ಹೇಳಿಲ್ವಾ ನೀನು?"

"ಕೇಳ್ಲಿಲ್ವಲ್ಲ. ನಿನ್ನ ಬೈಯೋದ್ರಲ್ಲಿ ಪಾಪ, ಎಷ್ಟು ಖುಷಿಯಾಗಿದ್ದ ಗೊತ್ತಾ."

"ಡಾಕ್ಟ್ರೇ, ಗಾಡಿ ಅವಳದು. ಬೋಲ್ಟು ಬಿಗಿದಿದ್ದೂ ಅವಳೇ. ನಂಗೆ ಸೈಕಲ್ಲಿಗೆ ಗಾಳಿ ಹೊಡಿಯೋಕೂ ಬರಲ್ಲ."

ಮಾರ್ಲಿಸ್ ಲೋಟ ಕೆಳಗಿಟ್ಟಳು. ಗಾಡಿಯ ಬ್ಯಾಟರಿ ತಂತಿ ಕಳಚಿದಳು. ಮೂಲೆಯಲ್ಲಿದ್ದ, ಡಾಕ್ಟರು ಆರ್ಡೆನ್ನನ ಲೆಕ್ಕಕ್ಕೇ ಸೇರಿಸಿದ್ದ ವೆಲ್ಡಿಂಗ್ ಮಷಿನ್ನಿನ ಹೊದಿಕೆ ಸರಿಸಿ, ಮುಖವಾಡ ತೊಟ್ಟು, ಮೋಟಿನ ಮೇಲೊಂದು ನಟ್ಟು ಕೂರಿಸಿ ಬೆಸೆದಳು. ಆಮೇಲೆ ಅದರ ಕೆಂಪು ಆರುವವರೆಗೆ ಸುಮ್ಮನೆ ಕಾದಳು. ಕಾಯುವುದೂ ಕೆಲಸದ ಭಾಗವೆಂದು ಡಾಕ್ಟರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಇವಳೊಬ್ಬಳ ಹೊರತು. ಆಮೇಲೆ ನಟ್ಟಿಗೆ ಸ್ಪ್ಯಾನರ್ ಹಾಕಿ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ, ಮತ್ತೆ ಸ್ವಲ್ಪ ಬಿಗಿ. ಬೋಲ್ಟು ಕಿರುಗುಟ್ಟುತ್ತ ಹೊರಗೆ ಬಂತು.

"ಹೌದು, ಗ್ರೀಸ್ ಹಚ್ಚೋದು ಮರೆತಿದ್ದೆ. ಕತ್ತೆ ನಾನೇ," ಎಂದಳು. ನಾಳೆ ಹತ್ತಕ್ಕೆ ಹೊರಡೋಣ, ಹಿಂದಿನ ಸೀಟು ಗಟ್ಟಿ, ಮೆತ್ತೆ ಬೇಕಾದರೆ ಈಗಲೇ ಹೇಳು ಎಂದೂ ಸೇರಿಸಿ, ಕೈ ತೊಳೆಯಲು ಒಳಗೆ ಹೋದಳು.

ಡಾಕ್ಟರಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಇಡೀ ಊರು ನೋಡುತ್ತದೆ, ಹೆಂಡತಿಯ ಸೊಂಟ ಹಿಡಿದು ಕೂತ ದಂತವೈದ್ಯನನ್ನು. ಆರ್ಡೆನ್ ಇನ್ನೊಂದು ತುಂಡಿಗೆ ಕೈ ಹಾಕಿದವನು ಹಾಗೇ ಬಿಟ್ಟ. ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು ದನಿ ತಗ್ಗಿಸಿದ.

"ತಿರುವಿನಲ್ಲಿ ಅವಳು ಎತ್ತ ವಾಲ್ತಾಳೋ ನೀವೂ ಅತ್ತಲೇ ವಾಲಿ ಡಾಕ್ಟ್ರೇ. ನಾನು ಹನ್ನೊಂದು ವರ್ಷ ನೆಟ್ಟಗೆ ಕೂತಿದ್ದೆ."