ಹಿಡಿಯಲ್ಲಿ ದೀಪ

ಹಿಡಿದವರ ಮನಸ್ಸಿನಲ್ಲಿ ಕೊಲೆಯ ಯೋಚನೆ ಇದ್ದರೆ ಕೋವಿಯ ಹಿಡಿಯಲ್ಲಿರುವ ದೀಪ ಕೆಂಪಾಗುತ್ತದೆ, ಇಲ್ಲದಿದ್ದರೆ ಹಸಿರು. ವಿರಾಜಪೇಟೆಯ ಕೋವಿ ಮೇಳದಲ್ಲಿ ಅಂಗಡಿಯವರು ಹಸಿರು ಕಂಡರೆ ಮಾತ್ರ ಮಾರಬೇಕು. ಮನೆಯ ಕೋವಿ ಮಾರುವವರಿಗೆ ಆ ನಿಯಮವಿಲ್ಲ. ಅದಕ್ಕೇ ಕೋವಿ ಕೊಳ್ಳಲು ಬಂದ ಮೊಣ್ಣಪ್ಪ, ಮನೆಯ ಕೋವಿಯನ್ನು ಚಾಪೆಯ ಮೇಲಿಟ್ಟು ಮಾರುತ್ತಿದ್ದ ದೇಚಮ್ಮನ ಬಳಿಗೆ ನೇರವಾಗಿ ಹೋದ.

“ದೀಪಗೀಪ ನೋಡೋದು ಬೇಡ ಅಲ್ವಾ?”

“ಕಾನೂನಿಗೆ ಬೇಡ. ನನಗೆ ಬೇಕು. ಹಿಡೀರಿ.”

ಅಳುಕುತ್ತಲೇ ಹಿಡಿದ. ಹಸಿರು ಹೊತ್ತಿತು. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬಕ್ಕೆ ಸಿಕ್ಕಿಸಿದ ಹೂ ಒಣಗಿ ಇನ್ನೂ ನಳಿಗೆಯ ಬಾಯಲ್ಲೇ ಇತ್ತು.

“ಪೂಜೆಯ ಕೋವಿ. ಇದನ್ನ ಯಾಕಮ್ಮಾ ಮಾರ್ತೀರಿ?”

ಬಟ್ಟೆ ಸುತ್ತಿಕೊಡಲು ದೇಚಮ್ಮ ಕೋವಿಯನ್ನು ವಾಪಸು ತೆಗೆದುಕೊಂಡಳು. ಅವಳ ಕೈಯಲ್ಲಿ ದೀಪ ಕೆಂಪಾಯಿತು.

“ಮೈದುನ ನನ್ನ ಬೇಲಿ ಕಿತ್ತ ದಿನದಿಂದ ಹೀಗೇ,” ಎಂದಳು. “ಬೇಗ ತಗೊಂಡು ಹೋಗಿ. ಅವನೂ ಮೇಳಕ್ಕೆ ಬಂದಿದ್ದಾನೆ.”