ಒತ್ತದ ಗುಂಡಿ

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಮಗಳ ಬೆರಳು ಗುಂಡಿಯ ಮೇಲೇ ನಿಂತುಬಿಟ್ಟಿತು. ಗಾಜಿನಾಚೆ ಅಪ್ಪ ಬರೀ ಶರ್ಟಿನಲ್ಲಿ, ಕೊಸರಾಡುತ್ತಿದ್ದ ಮೊಮ್ಮಗಳ ಊದಿದ ಕೈಯನ್ನು ಪ್ಲೇಟಿನ ಮೇಲೆ ಹಿಡಿದು ನಿಂತಿದ್ದ.

"ಅಪ್ಪಾ, ಕಿರಣ ತಡೆಯೋ ಸೀಸದ ಏಪ್ರನ್ ಹಾಕ್ಕೋ."

"ಮೂವತ್ತು ವರ್ಷ ಇದೇ ರೂಮಲ್ಲಿ ಎಕ್ಸ್‌ರೇ ತೆಗ್ದಿದೀನಿ. ಎಷ್ಟು ಮಕ್ಕಳನ್ನ ಹೀಗೇ ಹಿಡಿದಿಲ್ಲ? ನಂಗೇನಾಯ್ತು? ಒತ್ತೇ!"

"ಹಾಕ್ಕೊಳ್ಳೋವರೆಗೂ ಒತ್ತಲ್ಲ." ಅವಳು ಕೈಕಟ್ಟಿ ನಿಂತಳು. ಹೊರಗೆ ಸಾಲು ಬೆಳೆಯುತ್ತಿತ್ತು. ಅಪ್ಪ ಗೊಣಗುತ್ತಲೇ ಗೋಡೆಯ ಮೇಲಿದ್ದ ಭಾರದ ಏಪ್ರನ್ ತೊಟ್ಟು ಪಟ್ಟಿ ಬಿಗಿದ. ಆಮೇಲೇ ಅವಳು ಗುಂಡಿ ಒತ್ತಿದ್ದು.

ಮುಖ ಊದಿಸಿಕೊಂಡೇ ಹೊರಬಂದು ಬೆಂಚಿನಲ್ಲಿ ಕೂತ. ಒಳಗಿನ ಮಾತೆಲ್ಲ ಕೇಳಿಸಿಕೊಂಡಿದ್ದ ಪಕ್ಕದವರು, "ಆಯಮ್ಮ ತುಂಬಾ ಜೋರಲ್ವಾ?" ಎಂದರು.

"ಜೋರಿರ್ಬೇಕು ರೀ." ಅಪ್ಪನ ಬೆನ್ನು ನೆಟ್ಟಗಾಯಿತು. "ಆ ಮೂವತ್ತು ವರ್ಷ ನಂಗೆ ಹೀಗೆ ಹೇಳೋರು ಒಬ್ರೂ ಇರ್ಲಿಲ್ಲ. ಅವಳು ನನ್ನ ಮಗಳು!"